ರಾಣಿಮೀನಿನ ಸೀರೆ

ತಪ್ಪು ಶುರುವಾಗಿದ್ದು ನನ್ನಿಂದಲೋ, ಅಜ್ಜಿಯಿಂದಲೋ, ಇಲ್ಲಾ ಹಿರಿಯೂರಿನ ಜೆರಾಕ್ಸ್ ಅಂಗಡಿಯಿಂದಲೋ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಗೊತ್ತಿರುವುದಿಷ್ಟೇ. ರೇಣುಕಾ ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಾಳೋ ಇಲ್ಲವೋ ಅನ್ನುವುದು ಒಂದು ಬಕೆಟ್ ಮೀನಿನ ಮೇಲೆ ನಿಂತಿತ್ತು, ಆ ಬಕೆಟ್ಟು ನನ್ನ ಕೈಯಲ್ಲಿತ್ತು.

ನಮ್ಮೂರು ಆದಿವಾಲ. ಆರೋಗ್ಯ ಕೇಂದ್ರದಲ್ಲಿ ದಿನಗೂಲಿಯ ಮೇಲೆ ಸೊಳ್ಳೆಮರಿ ಹುಡುಕುವುದು ನನ್ನ ಕೆಲಸ. ಹಾಡಹಗಲಲ್ಲಿ ಟಾರ್ಚು ಹಿಡಿದು ಮನೆಮನೆಗೆ ಹೋಗಬೇಕು. ತೊಟ್ಟಿ, ಡ್ರಮ್ಮು, ಒಡೆದ ಗಡಿಗೆ, ಹಳೇ ಟೈರು, ಎಲ್ಲಕ್ಕೂ ಬೆಳಕು ಬಿಟ್ಟು ನೋಡಬೇಕು. ನೀರಲ್ಲಿ ಹುಳ ಕುಣಿಯುತ್ತಿದ್ದರೆ ಚೆಲ್ಲಿಸಬೇಕು, ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ತಾರೀಖು ಬರೆದು ಮುಂದಿನ ಮನೆಗೆ ಹೋಗಬೇಕು. "ಹಗಲೊತ್ತಿನಾಗೆ ಟಾರ್ಚು ಹಿಡ್ಕಂಡು ಏನೇ ಕಳ್ಕಂಡಿದ್ದಿ ಸುಷ್ಮಿತಾ" ಅಂತ ಕೇಳದ ಮನೆಯಿಲ್ಲ.

ನಮ್ಮ ಓಣಿಯಲ್ಲಿ ದನ ನೀರು ಕುಡಿಯುವ ತೊಟ್ಟಿಗಳೇ ಹನ್ನೊಂದು. ಅವನ್ನು ವಾರಕ್ಕೊಮ್ಮೆ ಬರಿದು ಮಾಡಿ ಅಂದರೆ ಯಾರೂ ಕೇಳುವುದಿಲ್ಲ, ನೀರು ಬಿಡುವುದೇ ಮೂರು ದಿನಕ್ಕೊಮ್ಮೆ. ಔಷಧಿ ಹಾಕುತ್ತೀನಿ ಅಂದರೆ ದನ ಕುಡಿಯೋ ನೀರಿಗೆ ವಿಷ ಹಾಕ್ತಾಳೆ ಅಂತ ಜಗಳಕ್ಕೇ ಬರುತ್ತಾರೆ.

ರೇಣುಕಾ ನನ್ನ ಗೆಳತಿ. ಎದುರು ಮನೆ ಶಾಂತಕ್ಕನ ಮಗಳು. ಶಾಂತಕ್ಕ ಓಣಿಗೆಲ್ಲ ಶಾಂತಕ್ಕ, ನನಗೂ ಶಾಂತಕ್ಕ. ರೇಣುಕಾಳನ್ನು ಕೊಟ್ಟಿರುವುದು ಹೊಳಲ್ಕೆರೆ ಕಡೆಯ ಬಿ.ದುರ್ಗಕ್ಕೆ. ಹೋದ ವರ್ಷ ಗೌರಿ ಹಬ್ಬಕ್ಕೆಂದು ತವರಿಗೆ ಬಂದವಳು ನಾಲ್ಕನೇ ದಿನಕ್ಕೆ ಜ್ವರದಲ್ಲಿ ಬಿದ್ದಳು. ಡೆಂಗಿ ಅಂದರು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಆರು ದಿನ ಬಾಟಲಿ ಏರಿಸಿಕೊಂಡು ಮಲಗಿದ್ದಳು, ಶಾಂತಕ್ಕ ಆರು ದಿನವೂ ಅವಳ ಮಂಚದ ಕೆಳಗೆ ಮಲಗಿದ್ದಳು. ಅಲ್ಲಿಂದ ಬಂದ ಮೇಲೆ ಶಾಂತಕ್ಕ ಸೊಳ್ಳೆ ಕಂಡರೆ ಕೈಯಿಂದ ಹೊಡೆಯುವುದಿಲ್ಲ, ಪೊರಕೆ ತಗೊಂಡೇ ಹೊಡೆಯುತ್ತಾಳೆ.

ಈ ವರ್ಷ ರೇಣುಕಾಗೆ ಏಳು ತಿಂಗಳು ತುಂಬುತ್ತಿದ್ದಾಗ ಶಾಂತಕ್ಕ ನನ್ನನ್ನು ಜಗಲಿಗೆ ಕರೆದು ಕೂರಿಸಿಕೊಂಡಳು. ಒಂಬತ್ತರಲ್ಲಿ ಮಗಳನ್ನು ಕರೆದುಕೊಂಡು ಬರುವುದು ಪದ್ಧತಿ. ಆದರೆ ಈ ಓಣಿಯ ತೊಟ್ಟಿಗಳಲ್ಲಿ ಹುಳ ಇರುವತನಕ ಕರೆತರುವುದಿಲ್ಲ, ಹೆರಿಗೆ ಅತ್ತೆ ಮನೆಯಲ್ಲೇ ಆಗಲಿ, ಯಾರು ಏನು ಆಡಿಕೊಂಡರೂ ಆಡಿಕೊಳ್ಳಲಿ ಅಂದಳು. ಹೇಳುವಾಗ ನನ್ನ ಟಾರ್ಚನ್ನೇ ನೋಡುತ್ತಿದ್ದಳು, ಇಷ್ಟಕ್ಕೆಲ್ಲ ಅದೇ ಕಾರಣ ಅನ್ನುವ ಹಾಗೆ.

ಆ ಸಂಜೆ ರೇಣುಕಾ ಫೋನು ಮಾಡಿದಳು. ಅವಳಿಗೆ ವಿಷಯ ಆಗಲೇ ಮುಟ್ಟಿತ್ತು.

"ನಮ್ಮತ್ತೆ ಕೆಟ್ಟೋರಲ್ಲ ಕಣೇ," ಅಂದಳು. "ಆದ್ರೆ ಅತ್ತೆ ಮುಂದೆ ನೋವು ಅಂತ ಕಿರುಚಾಕೆ ನಾಚ್ಕೆ ಆಗ್ತತೆ. ಅವ್ವನ ಮುಂದೆ ಆದ್ರೆ ಎಷ್ಟು ಬೇಕಾದ್ರೂ ಕಿರುಚ್ಬೋದು. ಏನಾರ ಮಾಡೇ."

ಏನಾದರೂ ಮಾಡಲು ನನ್ನ ಹತ್ತಿರ ಇದ್ದದ್ದು ಒಂದೇ. ಹಿರಿಯೂರಿನ ಕಚೇರಿಯ ಹಿಂದಿನ ತೊಟ್ಟಿಯಲ್ಲಿ ಪಾಪಣ್ಣ ಗಪ್ಪಿ ಮೀನು ಸಾಕುತ್ತಾನೆ. ಬೆರಳಿನ ಎರಡು ಗೆಣ್ಣಿಗಿಂತ ದೊಡ್ಡದಾಗದ ಮೀನು. ಸೊಳ್ಳೆಯ ಹುಳವನ್ನು ಹುರಿಗಡಲೆ ತಿಂದ ಹಾಗೆ ತಿನ್ನುತ್ತವೆ. ಒಂದು ಊರಿಗೆ ಒಂದೇ ಬಕೆಟ್ಟು, ಮಿಕ್ಕಿದ್ದನ್ನು ನೀವೇ ಮರಿ ಮಾಡಿಸಿಕೊಳ್ಳಿ ಅನ್ನುವುದು ಅವರ ಲೆಕ್ಕ. ಮರುದಿನ ಬಸ್ಸು ಹತ್ತಿ ಹೋದೆ. ಪಾಪಣ್ಣ ಆರಿಸದೆ ಸಿಕ್ಕಿದ್ದನ್ನೇ ಜಾಲರಿಯಲ್ಲಿ ಎರಡು ಸಲ ಮೊಗೆದು ಬಕೆಟ್ಟಿಗೆ ಹಾಕಿದ.

"ಹೆಣ್ಣು ಜಾಸ್ತಿ ಇರ್ಲಿ, ಗಂಡು ಕಮ್ಮಿ ಸಾಕು. ನೋಡಿದ್ರೆ ಗೊತ್ತಾಗ್ತತೆ ಬಿಡು ತಂಗಿ," ಅಂದು, ಗಂಡು ಹೆಣ್ಣು ಗುರುತಿಸುವ ಒಂದು ಹಾಳೆಯನ್ನೂ ಕೊಟ್ಟ.

ನೋಡಿದರೆ ಗೊತ್ತಾಗುತ್ತದೆ ಅಂದ ಮೇಲೆ ಹೇಗೆ ಅಂತ ಕೇಳುವುದಕ್ಕೆ ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಬಕೆಟ್ಟು ತೊಡೆಯ ಮೇಲಿಟ್ಟುಕೊಂಡು ಹಾಳೆ ಬಿಡಿಸಿದೆ. ಜೆರಾಕ್ಸಿನ ಜೆರಾಕ್ಸು ಅದು. ಎರಡು ಮೀನಿನ ಚಿತ್ರ ಇದ್ದವು, ಎರಡೂ ಕರ್ರಗೆ, ಇಬ್ಬರು ಅಣ್ಣತಮ್ಮಂದಿರು ಕತ್ತಲಲ್ಲಿ ನಿಂತ ಹಾಗೆ. ಕೆಳಗಿದ್ದ ಬರಹ ಅರ್ಧ ಸಾಲಿಗೆ ಕತ್ತರಿಸಿ ಹೋಗಿತ್ತು. ಬಕೆಟ್ಟಿನ ಒಳಗೆ ಇಣುಕಿದೆ. ಅಲ್ಲಿ ಎರಡು ಥರ ಇದ್ದವು. ಕೆಲವು ಸಣ್ಣಗೆ, ತೆಳ್ಳಗೆ, ಮೈಯೆಲ್ಲ ಕಿತ್ತಳೆ, ನೀಲಿ, ಹಸಿರು ಚುಕ್ಕಿ, ಬೀಸಣಿಗೆಯಂಥ ಬಾಲ. ಇನ್ನು ಕೆಲವು ಅವುಗಳ ಎರಡರಷ್ಟು ದಪ್ಪ, ಗೋಡು ಮಣ್ಣಿನ ಬಣ್ಣ, ಹೊಟ್ಟೆಯ ಕೆಳಗೆ ಬಾಲದ ಹತ್ತಿರ ಒಂದು ಕಪ್ಪು ಮಚ್ಚೆ.

ನನಗೆ ತಟ್ಟನೆ ಅಜ್ಜಿಯ ಕತೆ ನೆನಪಾಯಿತು.

ನಾನು ಬೆಳೆದದ್ದು ರಂಗಕ್ಕಜ್ಜಿಯ ಹತ್ತಿರ. ಅವ್ವ ಚಿತ್ರದುರ್ಗದ ಒಂದು ಹಾಸ್ಟೆಲಿನಲ್ಲಿ ಅಡುಗೆಗಿದ್ದಳು, ಭಾನುವಾರ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವಳು. ಮಿಕ್ಕ ಆರು ದಿನ ಅಜ್ಜಿ ಮತ್ತು ಕತೆ. ಅದರಲ್ಲಿ ಒಂದು ರಾಣಿಮೀನಿನ ಕತೆ. ಕೆರೆಯೊಳಗೆ ಮೀನುಗಳ ಒಂದು ಊರಿತ್ತಂತೆ. ರಾಣಿಗೆ ಕಾಮನಬಿಲ್ಲೇ ಒಂದು ಸೀರೆ ನೇಯ್ದು ಕೊಟ್ಟಿತ್ತಂತೆ. ಅವಳು ನಡೆದರೆ ಸೆರಗು ನೀರಲ್ಲಿ ತೇಲುತ್ತಿತ್ತಂತೆ. ರಾಜ ಮಾತ್ರ ಮಣ್ಣು ಬಣ್ಣದವನು, ಹೊಟ್ಟೆಬಾಕ. ಒಂದು ದಿನ ಹಸಿವು ತಡೆಯದೆ ಹೆತ್ತ ಮಕ್ಕಳನ್ನೇ ನುಂಗಿಬಿಟ್ಟನಂತೆ. ಅವನ ಹೊಟ್ಟೆಯ ಮೇಲೆ ಕಾಣುವ ಕಪ್ಪು ಮಚ್ಚೆ ಆ ಪಾಪದ ಗುರುತು. ಆಮೇಲೆ ರಾಣಿ ಸೆರಗು ಬೀಸಿ ಕುಣಿದು ಅವನನ್ನು ನಗಿಸಿ, ಬಾಯಿ ತೆರೆಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಕೈ ಹಿಡಿದು ಆಚೆ ಕರೆದುಕೊಂಡಳಂತೆ.

ಮೀನಿಗೆ ಕೈ ಎಲ್ಲಿದೆ ಅಂತ ನಾನು ಆಗಲೂ ಕೇಳಲಿಲ್ಲ. ಬಸ್ಸಿನಲ್ಲೂ ಕೇಳಿಕೊಳ್ಳಲಿಲ್ಲ. ಎಣಿಸಿದೆ. ಬಣ್ಣದವು ಹದಿನೆಂಟು, ಮಣ್ಣು ಬಣ್ಣದವು ಹನ್ನೆರಡು. ಹೆಣ್ಣು ಜಾಸ್ತಿ ಇರಲಿ ಅಂದಿದ್ದ ಪಾಪಣ್ಣ. ಸರಿಹೋಯಿತು.

ಶಾಂತಕ್ಕನ ಮನೆಯ ತೊಟ್ಟಿಯೇ ಓಣಿಯಲ್ಲಿ ದೊಡ್ಡದು. ಮೊದಲು ಅಲ್ಲಿ ಬಿಟ್ಟು, ಮರಿಯಾದ ಮೇಲೆ ಮಿಕ್ಕ ಹತ್ತಕ್ಕೂ ಹಂಚುವುದು ಅಂದುಕೊಂಡಿದ್ದೆ. ಅಲ್ಲಿ ಅಡ್ಡ ನಿಂತವರು ಶಾಂತಕ್ಕನ ಗಂಡ ತಿಪ್ಪೇರುದ್ರಪ್ಪ. ಅವರು ಲಿಂಗಪೂಜೆ ಮುಗಿಯದೆ ಒಂದು ತೊಟ್ಟು ಟೀ ಕುಡಿಯುವವರಲ್ಲ.

"ನಮ್ಮ ಮನೇಲಿ ಮೀನು ಅನ್ನೋ ಮಾತೇ ಆಡಲ್ಲ. ನೀನು ಮೀನನ್ನೇ ತಂದು ನಮ್ಮ ನೀರಿಗೆ ಬಿಡ್ತೀಯೇನವ್ವ?"

ತಿನ್ನುವುದಕ್ಕಲ್ಲ ದೊಡ್ಡಪ್ಪ, ಸಾಕುವುದಕ್ಕೆ, ನಿಮ್ಮ ಎತ್ತಿನ ಹಾಗೆ ಇವೂ ದುಡಿಯುತ್ತವೆ ಅಂದೆ. ಅವರು ಬಕೆಟ್ಟಿನೊಳಗೆ ತುಂಬ ಹೊತ್ತು ನೋಡಿದರು. ಕೊನೆಗೆ ಒಂದು ಕರಾರು ಹಾಕಿದರು. ತಮ್ಮ ತೊಟ್ಟಿಯಲ್ಲಿ ಒಂದು ಮೀನೂ ಸಾಯಬಾರದು, ಯಾರೂ ಸಾಯಿಸಲೂ ಬಾರದು.

ಮೂರನೇ ದಿನಕ್ಕೆ ತೊಟ್ಟಿಯಲ್ಲಿ ಒಂದು ಹುಳವೂ ಇರಲಿಲ್ಲ. ಐದನೇ ದಿನ ಬೆಳಿಗ್ಗೆ ತಿಪ್ಪೇರುದ್ರಪ್ಪನೇ ನಮ್ಮ ಬಾಗಿಲಿಗೆ ಬಂದು ನಿಂತರು. ಹಣೆಯ ವಿಭೂತಿ ಇನ್ನೂ ಒದ್ದೆಯಿತ್ತು. ಹೋಗಿ ನೋಡಿದರೆ ಪಾಚಿಯ ಅಂಚಿನಲ್ಲಿ ಕಣ್ಣರೆಪ್ಪೆಯ ಕೂದಲಿನಂಥ ನಾಲ್ಕೈದು ಮರಿ. ಈ ಮೀನು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ನಾನು ಆಗಲೇ ರೇಣುಕಾಗೆ ಫೋನು ಮಾಡಿ ಸೀರೆ ಗಂಟು ಕಟ್ಟಿಕೋ ಅಂದುಬಿಟ್ಟೆ.

ಮಧ್ಯಾಹ್ನ ಇನ್ನೊಮ್ಮೆ ನೋಡಲು ಹೋದೆ. ಮಣ್ಣು ಬಣ್ಣದ ಒಂದು ದಪ್ಪ ಮೀನು ನಿಧಾನಕ್ಕೆ ಪಾಚಿಯ ಹತ್ತಿರ ಬಂತು. ಬಾಯಿ ತೆರೆಯಿತು. ಒಂದು ಮರಿ ಇಲ್ಲವಾಯಿತು.

ಅದೇ ಮೀನು, ಅದೇ ಹೊಟ್ಟೆಬಾಕತನ, ಅದೇ ಮಚ್ಚೆ. ಏಳು ವರ್ಷದವಳಾಗಿದ್ದಾಗ ಆ ಕತೆ ಕೇಳಿ ಬಂದ ಸಿಟ್ಟೇ ನನಗೆ ಮತ್ತೆ ಬಂತು. ಜರಡಿ ತಂದು ಹನ್ನೆರಡನ್ನೂ ಮೊಗೆದೆ. ಒಂದಾದರೂ ಗಂಡು ಇರಲಿ ಅನ್ನುವುದು ತಲೆಗೆ ಬರಲಿಲ್ಲವೇ ಅಂತ ನೀವು ಕೇಳಬಹುದು. ಬಂತು. ಆದರೆ ರಾಣಿಯರು ಹದಿನೆಂಟೂ ಆಗಲೇ ಬಸುರಾಗಿಯೇ ಇರುತ್ತಾರೆ ಅಂದುಕೊಂಡೆ. ಅವುಗಳ ಹೊಟ್ಟೆ ಬೆನ್ನಿಗೆ ಹತ್ತಿದ್ದು ನನ್ನ ಕಣ್ಣಿಗೆ ಕಾಣಲಿಲ್ಲ. ಕತೆ ತುಂಬಿಕೊಂಡ ಕಣ್ಣಿಗೆ ಹೊಟ್ಟೆ ಎಲ್ಲಿ ಕಾಣುತ್ತದೆ.

ಸಾಯಿಸಬಾರದು ಅನ್ನುವ ಕರಾರಿತ್ತು. ನಮ್ಮ ಹಿತ್ತಲಲ್ಲಿ ಒಂದು ಹಳೇ ಬಾವಿ ಇದೆ. ಎಷ್ಟೋ ವರ್ಷ ಒಣಗಿ ಬಿದ್ದಿದ್ದು, ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ಮೇಲೆ ತಳದಲ್ಲಿ ನೀರು ಕಂಡಿತ್ತು. ಸೇದುವವರು ಯಾರೂ ಇಲ್ಲ. ಹನ್ನೆರಡು ರಾಜರನ್ನೂ ಕೊಡದಲ್ಲಿ ಹಾಕಿ ಹಗ್ಗ ಕಟ್ಟಿ ಕೆಳಗಿಳಿಸಿ ಬಗ್ಗಿಸಿದೆ. ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಏನೇ ಅದು ಅಂದಳು. ಮಕ್ಕಳನ್ನು ತಿನ್ನೋವು ಅಜ್ಜಿ ಅಂದೆ. ಹೂಂ ಅಂದು ಇನ್ನೊಂದು ಕಾಯಿ ಎತ್ತಿಕೊಂಡಳು.

ಆಮೇಲಿನ ಐವತ್ತು ದಿನ ನನಗೆ ಒಂದು ಮಂಜಿನ ಹಾಗೆ ನೆನಪಿದೆ. ತೊಟ್ಟಿಯಲ್ಲಿ ಹದಿನೆಂಟು ರಾಣಿಯರು ಸೆರಗು ಬೀಸಿ ಕುಣಿಯುತ್ತಲೇ ಇದ್ದರು. ತಿಪ್ಪೇರುದ್ರಪ್ಪ ಪೂಜೆ ಮುಗಿಸಿ ಒಂದು ಚಿಟಿಕೆ ಅಕ್ಕಿಹಿಟ್ಟು ತಂದು ಉದುರಿಸುವರು. ಅವುಗಳಿಗೆ ಹೆಸರು ಬೇರೆ ಇಟ್ಟಿದ್ದರು. ಗಂಗೆ, ಗೌರಿ, ಲಕ್ಷ್ಮಿ. ಎಲ್ಲಕ್ಕಿಂತ ಜೋರಾಗಿದ್ದ, ಕಿತ್ತಳೆ ಬಾಲದ ಒಂದಕ್ಕೆ ತೀರಿಹೋದ ತಮ್ಮ ತಾಯಿ ಪಾರ್ವತಮ್ಮನ ಹೆಸರಿಟ್ಟಿದ್ದರು. ಅದು ಮಿಕ್ಕವನ್ನೆಲ್ಲ ಮೂಲೆಗೆ ಅಟ್ಟಿಸಿಕೊಂಡು ಹೋಗುವುದನ್ನು ನೋಡಿ, "ನೋಡು ನೋಡು, ನಮ್ಮವ್ವ ಸೊಸೆದೀರನ್ನ ಹಿಂಗೇ ಆಡುಸ್ತಿದ್ಲು" ಅನ್ನುವರು. ಇವನ್ನು ಎರಡೆರಡಾಗಿ ಬೇರೆ ತೊಟ್ಟಿಗೂ ಹಂಚೋಣವಾ ಅಂತ ಕೇಳಿದರೆ ಒಪ್ಪಲಿಲ್ಲ. ಅಕ್ಕತಂಗೇರನ್ನು ಅಗಲಿಸಬಾರದಂತೆ.

ಮರಿ ಮಾತ್ರ ಇಲ್ಲ. ಮೊದಲ ಸಲದ ನಾಲ್ಕೈದರಲ್ಲಿ ಉಳಿದದ್ದೂ ಎಲ್ಲಿ ಹೋದವೋ. ನಾನು ದಿನಾ ಹೋಗಿ ಇಣುಕುವೆ. ನೀರು ಬದಲಿಸಿದೆ, ಪಾಚಿ ಬಿಟ್ಟೆ, ಪಾಚಿ ತೆಗೆದೆ, ಬೇವಿನ ಕೊಂಬೆಯಿಂದ ನೆರಳು ಮಾಡಿದೆ, ನೆರಳು ತೆಗೆದೆ. ಅಷ್ಟರಲ್ಲಿ ಮಿಕ್ಕ ಹತ್ತು ತೊಟ್ಟಿಯಲ್ಲಿ ಹುಳ ಕುಣಿಯುತ್ತಲೇ ಇದ್ದವು. ಶಾಂತಕ್ಕ ಬಾಣಂತಿಗೆಂದು ತಂದು ಇಟ್ಟಿದ್ದ ಒಣಕೊಬ್ಬರಿ, ಅಂಟು, ಮೆಂತ್ಯ ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿ ಬಟ್ಟೆ ಕಟ್ಟುವುದನ್ನು ನೋಡಿದೆ. ಬಿ.ದುರ್ಗಕ್ಕೆ ಕಳಿಸುವ ಡಬ್ಬಿ. ಭಾನುವಾರ ತಾನೇ ಹೋಗಿ ಕೊಟ್ಟು, ಮಗಳ ಕೈಗೆ ಬಳೆ ತೊಡಿಸಿ, ಒಬ್ಬಳೇ ಬರುವುದು ಅಂತ ನಿಶ್ಚಯವಾಗಿತ್ತು. ಅವತ್ತು ಗುರುವಾರ.

ನಾನು ಪಾಪಣ್ಣನಿಗೆ ಫೋನು ಮಾಡಿದೆ. ನೀನು ಕೊಟ್ಟ ಹೆಣ್ಣುಗಳು ಬಂಜೆಯೇನಪ್ಪ ಅಂತ ಜೋರು ಮಾಡಿದೆ. ಫೋಟೋ ಕಳಿಸು ಅಂದ. ಗಾಜಿನ ಲೋಟದಲ್ಲಿ ಪಾರ್ವತಮ್ಮನನ್ನು ಹಿಡಿದು ಫೋಟೋ ತೆಗೆದು ಕಳಿಸಿದೆ. ಎರಡು ನಿಮಿಷಕ್ಕೆ ಅವನೇ ಫೋನು ಮಾಡಿದ. ಮೊದಲು ಬರೀ ನಗುವೇ ಕೇಳಿಸಿತು.

"ತಂಗಿ, ಎಲ್ಲಾ ಹಿಂಗೇ ಅವೇನು?"

"ಹದಿನೆಂಟೂ ಹಿಂಗೇ ಅವೆ."

"ಹಂಗಾರೆ ನೀನು ಮೀನು ಸಾಕ್ತಿಲ್ಲ ಕಣವ್ವ. ಹುಡುಗ್ರ ಹಾಸ್ಟೆಲ್ ನಡುಸ್ತಾ ಇದ್ದೀಯ."

ನನಗೆ ಅರ್ಥವಾಗಲಿಲ್ಲ. ಅವನು ನಗು ತಡೆದುಕೊಂಡು ಬಿಡಿಸಿ ಹೇಳಿದ. ಲೋಟ ಕಣ್ಣಿನ ಮಟ್ಟಕ್ಕೆ ಎತ್ತಿ ಹೊಟ್ಟೆಯ ಕೆಳಗೆ, ಹಿಂದುಗಡೆ ಇರುವ ರೆಕ್ಕೆ ನೋಡು ಅಂದ. ಸೂಜಿಯ ಹಾಗೆ ಸಣ್ಣಗೆ ಹಿಂದಕ್ಕೆ ಬಾಗಿದ್ದರೆ ಗಂಡು, ಸಣ್ಣ ಬೀಸಣಿಗೆಯ ಹಾಗೆ ಅಗಲವಾಗಿದ್ದರೆ ಹೆಣ್ಣು. ಬಣ್ಣ ಎಲ್ಲಾ ಗಂಡಿಗೇ, ಬೀಸುವ ಬಾಲವೂ ಅದಕ್ಕೇ. ಹೆಣ್ಣು ದಪ್ಪ, ಬಣ್ಣ ಇಲ್ಲ, ಹೊಟ್ಟೆಯ ಹತ್ತಿರ ಕಪ್ಪು ಮಚ್ಚೆ.

ಲೋಟ ಎತ್ತಿ ನೋಡಿದೆ. ಸೂಜಿಯೇ ಇತ್ತು. ಗಂಗೆಯನ್ನು ಹಿಡಿದೆ, ಸೂಜಿ. ಗೌರಿ, ಸೂಜಿ. ಲಕ್ಷ್ಮಿ, ಸೂಜಿ. ಹದಿನೆಂಟನೆಯದೂ ಸೂಜಿಯೇ. ಅದನ್ನು ನೀರಿಗೆ ಬಿಟ್ಟು ಲೋಟವನ್ನು ತೊಟ್ಟಿಯ ಪಕ್ಕ ಹಾಕಿದೆ.

ಹಾಗಾದರೆ ನಾನು ಬಾವಿಗೆ ಎಸೆದದ್ದು ಅವ್ವಂದಿರನ್ನು. ಹಾಗಾದರೆ ಮರಿಯನ್ನು ತಿಂದದ್ದೂ ಅವ್ವನೇ. ಅದು ಅವಳದೇ ಮರಿಯೋ ಪಕ್ಕದವಳದೋ. ಪಾಪಣ್ಣನನ್ನು ಕೇಳಿದರೆ ಗಂಡೂ ತಿಂತತೆ, ಹೆಣ್ಣೂ ತಿಂತತೆ, ಅದಕ್ಕೇ ಬಚ್ಚಿಟ್ಟುಕೊಳ್ಳಾಕೆ ಪಾಚಿ ಬೇಕು ಅನ್ನೋದು ಅಂದ. ಇನ್ನೊಂದು ಬಕೆಟ್ ಕೊಡುತ್ತೀಯಾ ಅಂತ ಕೇಳಿದೆ. ಮುಂದಿನ ತಿಂಗಳು ನೋಡಾಣ ಅಂದು ಇಟ್ಟುಬಿಟ್ಟ.

ಒಳಗೆ ಹೋಗಿ ಅಜ್ಜಿಯ ಮುಂದೆ ಕುಕ್ಕರಿಸಿದೆ.

"ಅಜ್ಜಿ, ರಾಣಿಮೀನಿನ ಸೀರೆ ಯಾವ ಬಣ್ಣ?"

ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದಳು. ತಲೆಯೆತ್ತದೆ, "ಯಾವ ರಾಣಿ? ನಿಂದಾ, ನಂದಾ?" ಅಂದಳು.

ನಿಂದು ನಂದು ಅಂತ ಎರಡು ಎಲ್ಲಿಂದ ಬಂದವು ಅಂದೆ. ಅಜ್ಜಿ ಎಲೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನಕ್ಕೆ ಹೇಳಿದಳು. ಅವಳ ಅವ್ವ ಅವಳಿಗೆ ಹೇಳಿದ್ದ ಕತೆಯೇ ಬೇರೆಯಂತೆ. ರಾಣಿಗೆ ಕಾಮನಬಿಲ್ಲಿನ ಸೀರೆ ಇದ್ದದ್ದು ನಿಜ. ಆದರೆ ಕೆರೆಯ ಮೇಲೆ ಒಂದು ಮಿಂಚುಳ್ಳಿ ಹಾರಾಡಿಕೊಂಡಿತ್ತು. ಬಣ್ಣದ ಸೀರೆ ಮುಗಿಲಿಗೂ ಕಾಣುತ್ತದೆ. ರಾಣಿ ಬಸುರಿಯಾದಾಗ ಆ ಸೀರೆ ಬಿಚ್ಚಿ ಗಂಡನಿಗೆ ಸುತ್ತಿದಳಂತೆ. ಹಕ್ಕಿ ನಿನ್ನ ಹಿಂದೆ ಬರಲಿ, ನೀನು ಕುಣಿದುಕೊಂಡು ಓಡು ಅಂದಳಂತೆ. ತಾನು ಮೈಗೆ ಕೆಸರು ಬಳಿದುಕೊಂಡು ಮಕ್ಕಳನ್ನು ಹೊಟ್ಟೆಯೊಳಗೆ ಇಟ್ಟುಕೊಂಡಳಂತೆ. ಆ ಮಕ್ಕಳು ಒಳಗಿಂದ ಇಣುಕುತ್ತವೆ. ಹೊಟ್ಟೆಯ ಮೇಲೆ ಕಾಣುವ ಕಪ್ಪು ಮಚ್ಚೆ ಅಂದರೆ ಅವುಗಳ ಕಣ್ಣು.

"ಮತ್ತೆ ನಂಗೆ ಯಾಕೆ ತಿರುಗಿಸಿ ಹೇಳಿದ್ದಿ?"

"ನೀನು ಬಿಟ್ಟಿದ್ರೆ ತಾನೇ," ಅಂದಳು ಅಜ್ಜಿ. "ಹೊಟ್ಟೆವಳಗೆ ಮಕ್ಕಳು ಅಂದ ಕೂಡ್ಲೆ, ಅವ್ವ ಮಕ್ಕಳನ್ನ ನುಂಗ್ತಾಳಾ ಅಂತ ಅಳಾಕೆ ಹಿಡ್ದಿ. ಸೋಮವಾರ ನಿಮ್ಮವ್ವ ಬಸ್ ಹತ್ತಿ ಹೋದ ದಿನ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಸರಿ ಬಿಡು, ನುಂಗಿದ್ದು ಅಪ್ಪ ಅಂದೆ. ಹಂಗಾರೆ ಸೀರೆ ಅವ್ವನೇ ಉಟ್ಕಳ್ಳಿ ಅಂದಿ. ಉಟ್ಕಳ್ಳಿ ಬಿಡು ಅಂದೆ. ಮಚ್ಚೆನೂ ಅವನಿಗೇ ಹಾಕಿದ್ದಾತು. ನಂಗೇನು, ನೀನು ಮಲಗಿದ್ರೆ ಸಾಕಿತ್ತು."

ನನಗೆ ಅದೊಂದೂ ನೆನಪಿಲ್ಲ. ಅತ್ತದ್ದು ನೆನಪಿಲ್ಲ, ಸೀರೆ ಬದಲಿಸಿದ್ದು ನೆನಪಿಲ್ಲ. ಅಜ್ಜಿ ನಿಜವಾಗಿಯೂ ಹಾಗೆ ಹೇಳಿದ್ದಳೋ, ಅಥವಾ ಹೊರಗೆ ನಾನು ಫೋನಿನಲ್ಲಿ ಕಿರುಚುತ್ತಿದ್ದುದನ್ನು ಕೇಳಿಸಿಕೊಂಡು, ಎಲೆಗೆ ಸುಣ್ಣ ಸವರುವಷ್ಟರಲ್ಲಿ ಹೊಸದೊಂದು ಕಟ್ಟಿದಳೋ. ಅವಳ ಮುಖ ನೋಡಿದೆ. ಎಲೆ ಅಗಿಯುವ ಮುಖದಲ್ಲಿ ಏನು ಗೊತ್ತಾಗುತ್ತದೆ.

"ನೀನು ಅವತ್ತು ಬಾವಿಗೆ ಬಗ್ಗಿಸ್ದಾಗ್ಲೇ ಅಂದ್ಕಂಡೆ," ಅಂದಳು ಮತ್ತೆ. "ದಪ್ಪ ಹೊಟ್ಟೇವು ಅಲ್ವಾ ಇವು, ಪಾಪ, ಅಂತ."

ಮತ್ತೆ ಹೇಳಲಿಲ್ಲವಲ್ಲ ಅಂದೆ. ನೀನು ಓದ್ದೋಳು, ಸರ್ಕಾರದ ಟಾರ್ಚು ಹಿಡ್ದೋಳು ಅಂದಳು. ನಿಜವಾಗಿ ಹಾಗೇ ಅಂದುಕೊಂಡಿದ್ದಳೋ, ಚುಚ್ಚಿದ್ದೋ ತಿಳಿಯಲಿಲ್ಲ.

ಐವತ್ತು ದಿನ ಗಂಡಿಲ್ಲದೆ ಬಾವಿಯ ತಳದಲ್ಲಿ ಬಿದ್ದ ಹನ್ನೆರಡು ಹೆಣ್ಣು. ಬದುಕಿದ್ದರೆ ತಂದು ತೊಟ್ಟಿಗೆ ಬಿಡಬಹುದು, ಆದರೆ ಭಾನುವಾರಕ್ಕೆ ಉಳಿದದ್ದು ಎರಡೇ ದಿನ. ಎರಡು ದಿನಕ್ಕೆ ಯಾವ ಮೀನು ಹತ್ತು ತೊಟ್ಟಿ ತುಂಬುತ್ತದೆ. ಆದರೂ ಎದ್ದು ಹಿತ್ತಲಿಗೆ ಹೋದೆ. ಬಾವಿ ಕಿರಿದು, ಒಳಗೆ ಕತ್ತಲು. ಸೂರ್ಯ ನೆತ್ತಿಗೆ ಬಂದರೆ ಮಾತ್ರ ಬಿಸಿಲು ನೀರಿನವರೆಗೂ ಇಳಿಯುತ್ತದೆ. ಹನ್ನೆರಡು ಗಂಟೆಯವರೆಗೂ ಕಟ್ಟೆಯ ಮೇಲೆ ಕೂತೆ. ತಿಪ್ಪೇರುದ್ರಪ್ಪ ತಮ್ಮ ತೊಟ್ಟಿಯ ಪಕ್ಕ ಲೋಟ ಬಿದ್ದಿದ್ದನ್ನು ನೋಡಿ, ಯಾವುದಾದರೂ ಸತ್ತಿತೇನೋ ಅಂತ ಗಾಬರಿಯಿಂದ ಹುಡುಕಿಕೊಂಡು ಬಂದರು. ಅವರಿಗೆ ಎಲ್ಲವನ್ನೂ ಹೇಳಿದೆ, ಪಾರ್ವತಮ್ಮನ ವಿಷಯವನ್ನೂ. ಹೇಳುವಾಗ ನೆಲ ನೋಡುತ್ತಿದ್ದೆ.

ಅವರೂ ಕಟ್ಟೆಯ ಮೇಲೆ ಕೂತರು.

"ಇರ್ಲಿ ಬಿಡವ್ವ," ಅಂದರು. "ನಮ್ಮವ್ವನೂ ಗಂಡಸಿನಂಗೇ ಇದ್ಲು."

ಬಿಸಿಲು ನೆಟ್ಟಗೆ ಕೆಳಗಿಳಿಯಿತು. ಮೊದಲು ಕಂಡದ್ದು ನಮ್ಮಿಬ್ಬರ ತಲೆಯ ನೆರಳು. ಆಮೇಲೆ ನೀರು ನಡುಗುತ್ತಿದೆ ಅನ್ನಿಸಿತು, ಗಾಳಿ ಇರಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಗೊತ್ತಾಯಿತು, ನಡುಗುತ್ತಿದ್ದದ್ದು ನೀರಲ್ಲ. ಕಲ್ಲಿನ ಸಂದಿಗಳಿಂದ, ಪಾಚಿಯ ಜೊಂಪೆಗಳಿಂದ ಸಣ್ಣ ಸಣ್ಣ ಮೀನು ಬಿಸಿಲಿಗೆ ಮೇಲೇಳುತ್ತಿದ್ದವು. ನೂರೋ ಇನ್ನೂರೋ. ಎಣಿಸುವ ಮೊದಲೇ ಜಾಗ ಬದಲಿಸುತ್ತಿದ್ದವು. ಕೆಲವಕ್ಕೆ ಬಾಲದ ಬುಡದಲ್ಲಿ ಕಿತ್ತಳೆಯ ಒಂದು ಗೀರು ಆಗಲೇ ಬರುತ್ತಿತ್ತು. ಅವುಗಳ ನಡುವೆ, ಏನೂ ಆಗಿಲ್ಲವೆಂಬಂತೆ, ಮಣ್ಣು ಬಣ್ಣದ ದಪ್ಪ ಹೆಂಗಸರು ನಿಧಾನಕ್ಕೆ ಓಡಾಡುತ್ತಿದ್ದರು.

ನನಗೆ ಸಂತೋಷಕ್ಕಿಂತ ಹೆಚ್ಚಾಗಿ ತಲೆ ತಿರುಗಿತು. ಗಂಡೇ ಇಲ್ಲದೆ ಇದು ಹೇಗೆ. ಮತ್ತೆ ಪಾಪಣ್ಣನಿಗೆ ಫೋನು. ಈ ಸಲ ಅವನು ನಗಲಿಲ್ಲ. ಹೆಣ್ಣು ಗಪ್ಪಿ ಒಂದು ಸಲ ಗಂಡಿನ ಜೊತೆ ಕೂಡಿದರೆ ಸಾಕಂತೆ, ಆ ಬೀಜವನ್ನು ಒಳಗೇ ಇಟ್ಟುಕೊಂಡು ತಿಂಗಳಿಗೊಮ್ಮೆ ಅಂತ ಎಷ್ಟೋ ಸಲ ಮರಿ ಹಾಕುತ್ತದಂತೆ. ಗಂಡು ಪಕ್ಕದಲ್ಲಿ ಇರಲೇಬೇಕೆಂದಿಲ್ಲ. ಹಾಳೆಯಲ್ಲಿ ಬರೆದಿತ್ತಲ್ಲ, ಓದಲಿಲ್ಲವೇನು ತಂಗಿ ಅಂದ. ಆ ಸಾಲು ಕತ್ತರಿಸಿ ಹೋಗಿತ್ತು ಅಂದೆ.

ಬಾವಿಯ ಕಲ್ಲಿನ ಸಂದಿ ಮರಿಗಳಿಗೆ ಅಡಗಲು ಜಾಗ ಕೊಟ್ಟಿತ್ತು. ನಾನು ಶಿಕ್ಷೆ ಅಂದುಕೊಂಡು ಕಳಿಸಿದ ಜಾಗ ಅವುಗಳಿಗೆ ತವರು ಮನೆಯಾಗಿತ್ತು.

ಆ ಮಧ್ಯಾಹ್ನ, ಮತ್ತೆ ಶುಕ್ರವಾರ, ಶನಿವಾರ ಎರಡು ದಿನದ ಮಧ್ಯಾಹ್ನವೂ ಬಿಸಿಲು ಇಳಿದಷ್ಟು ಹೊತ್ತು ಅದೇ ಕೆಲಸ. ಅಜ್ಜಿ ತನ್ನ ಹಳೇ ಸೀರೆಯೊಂದನ್ನು ಹರಿದುಕೊಟ್ಟಳು. ಒಗೆದು ಒಗೆದು ಬಣ್ಣವೇ ಇಲ್ಲದಾಗಿದ್ದ ನೂಲಿನ ಸೀರೆ. ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ನಡುವೆ ಒಂದು ಕಲ್ಲು, ಒಂದು ಹಿಡಿ ಅಕ್ಕಿಹಿಟ್ಟು ಇಟ್ಟು ಕೆಳಗಿಳಿಸುವುದು, ಮರಿಗಳು ಹಿಟ್ಟಿಗೆ ಮುತ್ತಿಕೊಂಡ ಮೇಲೆ ನಾಲ್ಕು ಕಡೆಯಿಂದ ಒಟ್ಟಿಗೆ ಎತ್ತುವುದು. ತಿಪ್ಪೇರುದ್ರಪ್ಪ ಎರಡು ಹಗ್ಗ ಹಿಡಿದರು, ನಾನು ಎರಡು. ಶಾಂತಕ್ಕ ಮೊದಲ ದಿನ ಬೇಲಿಯಾಚೆ ನಿಂತು ನೋಡಿದಳು. ಎರಡನೇ ದಿನ ಕೊಡ ತಗೊಂಡು ಬಂದಳು. ಒಂದೊಂದು ತೊಟ್ಟಿಗೆ ಹನ್ನೆರಡು ಹದಿನೈದು ಮರಿ, ಒಂದು ದಪ್ಪ ಹೆಣ್ಣು, ತಿಪ್ಪೇರುದ್ರಪ್ಪನನ್ನು ಒಪ್ಪಿಸಿ ಒಂದು ಬಣ್ಣದ ಗಂಡು, ಅಡಗಲು ಒಂದು ಮುಷ್ಟಿ ಪಾಚಿ. ಲೋಟ ಎತ್ತಿ ಎತ್ತಿ ರೆಕ್ಕೆ ನೋಡಿ ನನ್ನ ಕತ್ತೇ ಹಿಡಿದುಕೊಂಡಿತು. ಪಾರ್ವತಮ್ಮನನ್ನು ಮಾತ್ರ ಅವರು ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಶಾಂತಕ್ಕ ನನ್ನ ಟಾರ್ಚು ಕೇಳಿ ತಗೊಂಡಳು. ಹನ್ನೊಂದು ತೊಟ್ಟಿಗೂ ತಾನೇ ಬೆಳಕು ಬಿಟ್ಟು ನೋಡಿದಳು. ನಾನು ಹಿಂದೆ ಹಿಂದೆ ಹೋದೆ. ಒಂಬತ್ತರಲ್ಲಿ ಏನೂ ಇಲ್ಲ. ಹತ್ತನೆಯದರ ಮೂಲೆಯಲ್ಲಿ ಎರಡೇ ಎರಡು ಹುಳ ಮೇಲೆ ಕೆಳಗೆ ಆಡುತ್ತಿದ್ದವು. ಶಾಂತಕ್ಕ ಬೆಳಕನ್ನು ಕದಲಿಸದೆ ಹಾಗೇ ಹಿಡಿದಳು. ಒಂದು ಮರಿ, ಉಗುರಿನಷ್ಟು ಉದ್ದದ್ದು, ಕತ್ತಲಿಂದ ಬಂದು ಒಂದನ್ನು ನುಂಗಿತು. ಸ್ವಲ್ಪ ತಡೆದು ಇನ್ನೊಂದನ್ನೂ.

ಶಾಂತಕ್ಕ ಟಾರ್ಚು ಆರಿಸಿ ನನ್ನ ಕೈಗೆ ಕೊಟ್ಟಳು. ಹನ್ನೊಂದನೆಯದನ್ನು ಇಣುಕಿಯೂ ನೋಡಲಿಲ್ಲ. ಮನೆಗೆ ಹೋಗಿ ಕಟ್ಟಿಟ್ಟಿದ್ದ ಡಬ್ಬಿಯ ಬಟ್ಟೆ ಬಿಚ್ಚಿ, ಡಬ್ಬಿಯನ್ನು ನಾಗೊಂದಿಗೆಯ ಮೇಲೆ ವಾಪಸ್ಸಿಟ್ಟು, ಬರಿಗೈಯಲ್ಲಿ ಬಿ.ದುರ್ಗದ ಬಸ್ಸಿಗೆ ಹೊರಟಳು.

ಸಂಜೆ ರೇಣುಕಾ ಬಂದಳು. ಆಟೋದಿಂದ ಇಳಿಯುವುದಕ್ಕೇ ಎರಡು ನಿಮಿಷ ಬೇಕಾಯಿತು. ಮದುವೆಯಲ್ಲಿ ಉಟ್ಟ ಜರಿ ಸೀರೆಯವಳಾಗಿ ನನ್ನ ಕಣ್ಣಲ್ಲಿ ನಿಂತಿದ್ದವಳು, ಈಗ ಬಣ್ಣ ಹೋದ ಒಂದು ಹಳೇ ನೈಟಿಯ ಮೇಲೆ ಟವೆಲ್ಲು ಹೊದ್ದು, ಮುಖದ ಮೇಲೆಲ್ಲ ಕಪ್ಪು ಬಂಗು ಹತ್ತಿ, ತೊಟ್ಟಿಯ ಅಂಚಿಗೆ ಕೈಯೂರಿ ನಿಂತು ನೀರು ನೋಡುತ್ತಿದ್ದಳು. ಪಾರ್ವತಮ್ಮ ಅವಳ ನೆರಳಿಗೆ ಬಂದು ಬಾಲ ಬೀಸಿ ಕುಣಿಯತೊಡಗಿತು.

"ಇದೇನೇ ಇಷ್ಟು ಚೆಂದಾಗೈತೆ," ಅಂದಳು. "ಇದೇ ಹೆಣ್ಣಾ?"

ತಿಪ್ಪೇರುದ್ರಪ್ಪ ಕೆಮ್ಮಿದರು. ನಾನು ಹೇಳಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಓಣಿ ದಾಟಿ ಬಂದಳು. ಬಸುರಿಯನ್ನು ಮೇಲಿಂದ ಕೆಳಗೆ ನೋಡಿ ಲಟಿಕೆ ಮುರಿದಳು. ರೇಣುಕಾ, ಚಿಕ್ಕವಳಿದ್ದಾಗ ನಮ್ಮ ಹಾಸಿಗೆಯಲ್ಲೇ ಮಲಗಿ ಕತೆ ಕೇಳಿದವಳು, ಅಜ್ಜಿಯ ಕೈ ಹಿಡಿದುಕೊಂಡು ಕೂತಳು. ಆ ಮೀನಿನ ಕತೆ ಹೇಳಜ್ಜಿ, ಎಷ್ಟು ದಿನ ಆಯಿತು ಅಂದಳು.

ಅಜ್ಜಿ ಜಗಲಿಯ ಮೇಲೆ ಕಾಲು ನೀಡಿದಳು. ಕೆರೆಯ ಊರು ಬಂತು, ಕಾಮನಬಿಲ್ಲು ಬಂತು, ಮಗ್ಗ ಬಂತು, ಸೀರೆ ನೇಯ್ದದ್ದೂ ಆಯಿತು. ಅಲ್ಲಿಗೆ ಬಂದು ಅಜ್ಜಿ ನಿಲ್ಲಿಸಿದಳು. ರೇಣುಕಾಳ ಹೊಟ್ಟೆಯ ಕಡೆ ಒಮ್ಮೆ ನೋಡಿ ನನ್ನ ಕಡೆ ತಿರುಗಿದಳು.

"ಯಾರಿಗೆ ಉಡುಸ್ಲೇ ಇದನ್ನ?"

ರೇಣುಕಾ ಇಬ್ಬರ ಮುಖವನ್ನೂ ನೋಡಿದಳು. ನಾನು ಬಂದು ಅಜ್ಜಿಯ ಕಾಲ ಹತ್ತಿರ ಕೂತೆ. ಒಳಗೆ ಶಾಂತಕ್ಕ ಮೆಂತ್ಯ ಹುರಿಯುವ ವಾಸನೆ ಬರುತ್ತಿತ್ತು.